ನನಗೆ ಸುದ್ದಿ ಮುಟ್ಟಿಸದ ನಿನ್ನ ಪದ್ಧತಿ

ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆ ಬಲ್ಲ ಮಹಾಜನರೇ, ಬಲ್ಲೆವೆಂದು ಹೇಳಿಕೊಂಡು ತಿರುಗುವ ಬಹುಜನರೇ, ಇಂದಿನ ವಿಚಾರಣೆಗೆ ಆರೋಪಿ ಗೈರುಹಾಜರಾಗಿದ್ದಾನೆ. ಗೈರಿಗೆ ಅವನು ಕೊಟ್ಟ ಕಾರಣ ಸಾವು. ಆ ಕಾರಣವನ್ನು ಒಪ್ಪದೆ ಮುಂದುವರಿಸುತ್ತೇನೆ.

ಗುರುಪಾದಣ್ಣಾ,

ಹಾನಗಲ್ಲಿನ ನಿನ್ನ ಕಂಪ್ಯೂಟರ್ ಕ್ಲಾಸಿನಲ್ಲಿ ನನ್ನಿಂದ ಮೊದಲ ಸಾಲು ಕೋಡ್ ಬರೆಸಿದ್ದು ನೆನಪಿದೆಯೇ? ನಾನು ಕನ್ನಡ ಮಾಧ್ಯಮದ ಬಿ.ಎ., ಪ್ರಾಸ ಕಟ್ಟುವುದೊಂದೇ ವಿದ್ಯೆ. "ಪ್ರಾಸ ಬರತೈತಿ ಅಂದ್ರ ಕೋಡೂ ಬರತೈತಿ ಕುಂದ್ರು. ಎರಡರಾಗೂ ಮುಂದಿನ ಸಾಲು ಹಿಂದಿನ ಸಾಲಿನ ಮಾತು ಕೇಳಬೇಕು" ಎಂದಿದ್ದೆ ನೀನು. ಆಮೇಲೆ ನಾನೇ ನಿನ್ನ ಮಾತು ಕೇಳದವನಾದೆ, ಅದು ಬೇರೆ.

ಅಕ್ಕಿಆಲೂರಿನ ಅಕ್ಕಿ ಗಿರಣಿಯ ಅಂಗಳಕ್ಕೆ ದೊಡ್ಡ ಪರದೆ ಬಂದ ದಿನವೇ ನಮ್ಮ ಜಗಳವೂ ಬಂತು. ಅದರ ಕೋಡ್ ಬರೆಯುವ ಕೆಲಸ ನಮ್ಮಿಬ್ಬರದು. ಟೋಕನ್ ನಂಬರ್, ಭತ್ತದ ತಳಿ, ದರ, ಯಾವುದು ಬದಲಾದರೂ ಪರದೆ ತಾನಾಗಿ ಬದಲಾಗಬೇಕು. ಹೇಗೆ? ಏನು ಬದಲಾದರೂ ಇಡೀ ಚಿತ್ರವನ್ನು ಒಳಗೊಳಗೇ ಮತ್ತೆ ಬರೆದು, ಹಳೆಯದರ ಪಕ್ಕ ಹಿಡಿದು, ವ್ಯತ್ಯಾಸವಾದಷ್ಟನ್ನು ತಿದ್ದೋಣ ಎಂದೆ ನಾನು. ನಿನ್ನದು ಸಿಗ್ನಲ್ ಪದ್ಧತಿ. ದರವಾಗಲಿ ನಂಬರಾಗಲಿ, ಪರದೆಯ ಮೂಲೆಗಳಲ್ಲಿ ತನ್ನನ್ನು ಓದಿದವರು ಯಾರೆಂದು ತಾನೇ ನೆನಪಿಡಬೇಕು, ಬದಲಾದಾಗ ಅವರಿಗೆ ಮಾತ್ರ ಹೇಳಬೇಕು.

"ಒಂದು ಬಲ್ಬ್ ಹೋದ್ರ ಇಡೀ ಮನಿ ವೈರಿಂಗ್ ಮಾಡಸ್ತಿಯೇನಲೇ?"

"ಮಾಡಸ್ತೇನಿ. ನಿನ್ನದರಾಗ ಯಾರಿಗೆ ಹೇಳ್ತಾರ, ಯಾರನ್ನ ಬಿಡ್ತಾರ, ಶಿವನಿಗೇ ಗೊತ್ತು."

ಗಿರಣಿ ಸಾಹುಕಾರರಿಗೆ ಸಾಕಾಯಿತು. "ನೀವಿಬ್ಬರೂ ಹೊರಗ ಹೋಗಿ ಬಡದಾಡ್ರಿ. ಇಲ್ಲಿ ಮಂದಿ ನಂಬರ್ ಕಾಯಾಕತ್ತಾರ."

ಹೊರಗೆ ಹೋದ ನೀನು ಸೀದಾ ನಿಮ್ಮೂರು ಮಾಸೂರಿನ ತನಕ ಹೋದೆ. ಪರದೆ ನನ್ನ ಪದ್ಧತಿಯಲ್ಲಿ ನಡೆಯಿತು. ನೀನು ಫೋನ್ ಮಾಡಲಿಲ್ಲ, ನಾನೂ.

ನಿನ್ನ ಪದ್ಧತಿಯ ಕಟುಕತನವನ್ನು ನೀನೇ ಒಮ್ಮೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದೆ, ಅದೂ ಹೆಮ್ಮೆಯಿಂದ. ಪರದೆ ಬದಲಾಗುವ ಪ್ರತಿ ಸುತ್ತಿಗೂ ಓದುಗರ ಲೆಕ್ಕ ಹೊಸದು. ಈ ಸುತ್ತಿನಲ್ಲಿ ಓದದವನ ಹೆಸರು ತಾನೇ ಉದುರುತ್ತದೆ, ಆಮೇಲೆ ಏನೇ ಆದರೂ ಅವನಿಗೆ ತಿಳಿಸುವುದಿಲ್ಲ. "ಕೇಳಿದವಗ ಸುದ್ದಿ, ಕೇಳದವಗ ನಿದ್ದಿ" ಎಂದು ನಾನು ಪ್ರಾಸ ಕಟ್ಟಿದ್ದಕ್ಕೆ ನೀನು ಹೊಟ್ಟೆ ಹಿಡಿದು ನಕ್ಕಿದ್ದೆ. ಈಗ ನಗು ನೋಡೋಣ.

ಅಕ್ಕಿಆಲೂರಿನ ಸಂತೆಯ ದಿನ ತವರಿಗೆ ಬಂದಿದ್ದ ನಿನ್ನ ಮನೆಯಾಕೆ, ನಮ್ಮ ವೈನಿ, ಮೆಣಸಿನಕಾಯಿ ಸಾಲಿನಲ್ಲಿ ಎದುರಾದರು. ಮುಖ ತಿರುಗಿಸಿದರು. ಆಮೇಲೆ ತಾವೇ ತಿರುಗಿ ಬಂದರು.

"ಮಣ್ಣಿಗೂ ಬರಲಿಲ್ಲಲ್ಲರಿ ನೀವು."

"ಯಾರ ಮಣ್ಣಿಗೆ, ವೈನಿ?"

ಅವರು ಚೀಲ ಕೆಳಗಿಟ್ಟರು. "ಅವರು ಹೋಗಿ ತಿಂಗಳಾತು. ನಿಮಗ ಎಲ್ಲಾರಕಿಂತ ಮೊದಲ ಗೊತ್ತಾಗಿರತೈತಿ ಅಂದ್ರು ಮಂದಿ. ಅದಕ್ಕ ಯಾರೂ ಫೋನ್ ಮಾಡಲಿಲ್ಲ."

ಎಷ್ಟು ಚಂದದ ವಿನ್ಯಾಸ, ಅಣ್ಣಾ. ನಾನು ನಿನ್ನನ್ನು ಕೇಳುವುದು ಬಿಟ್ಟೆ, ನನ್ನ ಹೆಸರು ಉದುರಿತು. ಸವಣೂರು, ಶಿಗ್ಗಾಂವಿಯ ಹಳೆಯ ಶಿಷ್ಯರೆಲ್ಲ ಬಂದು ಒಂದೊಂದು ಹಿಡಿ ಮಣ್ಣು ಹಾಕಿ ಹೋಗಿದ್ದಾರೆ. "ಸಿಟ್ಟು ಮಣ್ಣಿಗೂ ಬಿಡಲಿಲ್ಲ ನೋಡು ಅವಾ" ಎಂದು ನನ್ನನ್ನು ಆಡಿಕೊಂಡಿದ್ದಾರೆ. ನನಗೆ ಗೊತ್ತೇ ಇರಲಿಲ್ಲವೆಂದು ಯಾರ ಯಾರ ಮನೆಗೆ ಹೋಗಿ ಹೇಳಲಿ? ನನ್ನ ಪದ್ಧತಿಯಾಗಿದ್ದರೆ ಒಂದು ಮನೆಯನ್ನೂ ಬಿಡದೆ ಎಲ್ಲರಿಗೂ ಹೇಳುತ್ತಿದ್ದರು, ಗೊತ್ತಿದ್ದವರಿಗೂ ಇನ್ನೊಮ್ಮೆ. ಶ್ರಮ ದಂಡ ಎನ್ನುತ್ತಿದ್ದೆಯಲ್ಲ? ಆ ದಂಡದಲ್ಲಿ ನನಗೂ ಒಂದು ಫೋನ್ ಬರುತ್ತಿತ್ತು. ನಿನ್ನ ಮುಖವನ್ನಾದರೂ...

ಬರೆಯುತ್ತಾ ಹೋದರೆ ನಾನೇ ಗೆದ್ದೆ ಎನಿಸುತ್ತದೆ. ಸುಳ್ಳು. ಈ ಸುಗ್ಗಿಯಲ್ಲಿ ಭತ್ತದ ಗಾಡಿಗಳು ಒಂದರ ಹಿಂದೊಂದು ನಿಂತಾಗ ನನ್ನ ಪರದೆ ತಡವರಿಸಿ ಹಳೆಯ ನಂಬರನ್ನೇ ತೋರಿಸುತ್ತಾ ಕೂತಿತು. ಬಿಚ್ಚಿ, ನಿನ್ನ ಪದ್ಧತಿಯಲ್ಲಿ ಮತ್ತೆ ಬರೆದೆ. ಈಗ ದರ ಏರಿದರೆ ದರವೊಂದೇ ಮಿಸುಕುತ್ತದೆ, ಉಳಿದದ್ದು ಸುಮ್ಮನೆ ಇರುತ್ತದೆ. ನೀನು ಹೇಳಿದ ಹಾಗೆಯೇ.

ವೈನಿ ಸಿಕ್ಕ ದಿನ ನಾನು ಸಂತೆಗೆ ಬಂದವನಲ್ಲ, ಅಣ್ಣಾ. ಇದನ್ನು ನಿನಗೆ ಹೇಳಲೆಂದು ಸಂತೆ ಹಾದು ಮಾಸೂರಿನ ಬಸ್ಸಿಗೆ ಹೊರಟಿದ್ದೆ.