ಅರ್ಧ ಅಕ್ಕಿಕಾಳುಗಳ ಪರವಾಗಿ ಒಂದು ಮನವಿ

ಬಸವನಗುಡಿ,
ಆಗಸ್ಟ್ ೪, ೧೯೯೬

ಶ್ರೀಮದ್ ಗುಲ್ಬರ್ಗಾ ಶಾಖಾ ಸಿಂಹಾಸನಾಧೀಶ್ವರ, ಚೆಕ್ಕು-ಡ್ರಾಫ್ಟು-ಚಲನ್ ತ್ರಿಲೋಕಪಾಲಕ, ಹೋಟೆಲ್ ಡಬ್ಬಿಯ ತಂಗಳನ್ನ ಭಕ್ಷಣ ಧುರಂಧರ, ಹೆಂಡತಿಗೂ ಒಂದೇ ಪುಟದ ಕಾಗದ ಬರೆಯುವ ಮಿತಭಾಷಾ ಸಾರ್ವಭೌಮರಾದ ಸಂಕರ್ಷಣರಾಯರ ಪಾದಾರವಿಂದಗಳಿಗೆ, ನಮ್ಮ ಮನೆ ತಾರಸಿಯ ಮೇಲಿನ ಸಮಸ್ತ ಅರ್ಧ ಅಕ್ಕಿಕಾಳುಗಳ ಪರವಾಗಿ ತಮ್ಮ ವಾದಿರಾಜ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಅಣ್ಣಾ, ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕಾಗದ ಬಂದು ವಾರ ಕಳೆದರೂ ಉತ್ತರ ಬರೆಯದ್ದಕ್ಕೆ ಬೈಯಬೇಡ. ಈಗ ನಾನು ಹುದ್ದೆಯಲ್ಲಿರುವ ಮನುಷ್ಯ. ಕೆಲಸದ ಗುರುತಾಗಿ ಬೆರಳತುದಿಗಳೆಲ್ಲ ಕಂದು ಬಣ್ಣಕ್ಕೆ ತಿರುಗಿವೆ. ಆ ಹುದ್ದೆ ಹೇಗೆ ಸಿಕ್ಕಿತು ಎನ್ನುವುದು ಮುಂದೆ ಬರುತ್ತದೆ.

ನಿನ್ನ ಕಾಗದವನ್ನು ಅಪ್ಪ ಊಟಕ್ಕೆ ಕೂತಾಗ ಗಟ್ಟಿಯಾಗಿ ಓದಿದರು. ಬಾಡಿಗೆ ಮನೆ ಸಿಕ್ಕಿದೆ, ನೀರು ದಿನ ಬಿಟ್ಟು ದಿನ ಬರುತ್ತದೆ, ಆರಾಧನಾಳನ್ನು ಈ ತಿಂಗಳ ಕೊನೆಗೆ ಕಳಿಸಿಕೊಡಿ. ಅತ್ತಿಗೆ ಹುಳಿ ಬಡಿಸುತ್ತಿದ್ದರು. ಮುಖದಲ್ಲಿ ಏನೂ ಕಾಣಲಿಲ್ಲ. ಆದರೆ ತಾರಸಿಯ ಮೇಲೆ ಅವರ ಕಾಳುಗಳು ಆಗತಾನೇ ಮೊಳೆಯುತ್ತಿದ್ದವು. ಅವು ತೆನೆ ಬಿಡುವುದು ನವೆಂಬರಿನಲ್ಲಿ. ಅಲ್ಲಿಯವರೆಗೆ ಅತ್ತಿಗೆಯನ್ನು ಇಲ್ಲೇ ಬಿಡು ಎಂದು ಕೇಳಲು ಈ ಮನವಿ.

ನಿನ್ನ ಹೆಂಡತಿ ಏನು ಓದುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ ನೀನು ‘ಏನೋ ಅಕ್ಕಿ ವಿಷಯ’ ಎಂದು ಮಾತು ಮುಗಿಸುವುದನ್ನು ನಾನೇ ಕೇಳಿದ್ದೇನೆ. ಆದ್ದರಿಂದ ಮೊದಲು ಸ್ವಲ್ಪ ವಿದ್ಯಾಭ್ಯಾಸ.

ಅತ್ತಿಗೆ ನಮ್ಮ ಉದುರುದುರು ಅಕ್ಕಿಯ ಭತ್ತಕ್ಕೂ ಈಶಾನ್ಯದ ಬೆಟ್ಟದ ಕಡೆಯ ಅಂಟಕ್ಕಿಯ ಭತ್ತಕ್ಕೂ ಮದುವೆ ಮಾಡಿಸಿದ್ದಾರೆ. ಅಕ್ಕಿಯೊಳಗಿನ ಪಿಷ್ಟದಲ್ಲಿ ಎರಡು ಬಗೆಯಂತೆ. ಒಂದು ನೆಟ್ಟನೆಯ ಉದ್ದ ಎಳೆ, ಅದರ ಹೆಸರು ಅಮೈಲೋಸ್. ಇನ್ನೊಂದು ಮರದ ಕೊಂಬೆಯಂತೆ ಕವಲೊಡೆದದ್ದು. ನೆಟ್ಟನೆಯದು ಜಾಸ್ತಿ ಇದ್ದರೆ ಅನ್ನ ಬಿಡಿಬಿಡಿಯಾಗಿ ಆಗುತ್ತದೆ, ಆದರೆ ಆರಿದ ಮೇಲೆ ಗಟ್ಟಿ. ಅದು ಇಲ್ಲವೇ ಇಲ್ಲದಿದ್ದರೆ ಅಂಟು. ನೆಟ್ಟನೆಯ ಎಳೆ ನೇಯುವುದು ಒಂದೇ ಒಂದು ಜೀನಿನ ಕೆಲಸ. ಆ ಒಂದು ಜೀನು ಕೆಟ್ಟರೆ ಇಡೀ ಅನ್ನದ ಸ್ವಭಾವವೇ ಬೇರೆ. ಮಧ್ಯಾಹ್ನ ಡಬ್ಬಿ ತೆಗೆದಾಗಲೂ ಮೆತ್ತಗಿರುವ, ಆದರೆ ಮುದ್ದೆಯಾಗದ ಅನ್ನ ಅವರ ಗುರಿ. ಈಗ ಮಾಡುತ್ತಿರುವುದು ಆ ದಾರಿಯ ಮೊದಲ ಹೆಜ್ಜೆ ಮಾತ್ರ ಎನ್ನುತ್ತಾರೆ. ಗುಲ್ಬರ್ಗಾದಲ್ಲಿ ಡಬ್ಬಿಯ ಅನ್ನವನ್ನು ಚಮಚದಿಂದ ಅಗೆದು ತಿನ್ನುವ ಮಹಾನುಭಾವನಿಗೆ ಇದಕ್ಕಿಂತ ಹತ್ತಿರದ ವಿಜ್ಞಾನ ಇನ್ನಾವುದಿದೆ?

ಹೋದ ತಿಂಗಳು ಒಂದು ಶುಕ್ರವಾರ ಬೆಳಿಗ್ಗೆ ಅತ್ತಿಗೆ ನಡುಮನೆಯಲ್ಲಿ ಕೂತು ಆ ಮದುವೆಯಿಂದ ಬಂದ ಭತ್ತದ ಹೊಟ್ಟನ್ನು ಉಗುರಿನಲ್ಲಿ ಬಿಡಿಸಿ, ಒಂದೊಂದೇ ಕಾಳನ್ನು ಬ್ಲೇಡಿನಿಂದ ಎರಡು ಮಾಡುತ್ತಿದ್ದರು. ದೇವಸ್ಥಾನದಿಂದ ಬಂದ ಅಜ್ಜಿ ಬಾಗಿಲಲ್ಲೇ ನಿಂತರು.

“ಏನೇ ಇದು? ಶುಕ್ರವಾರ ಮುತ್ತೈದೆ ಕೂತ್ಕೊಂಡು ಅಕ್ಕಿ ಕತ್ತರಿಸೋದಾ? ಮುರಿದಿದ್ದನ್ನ ಅಕ್ಷತೆಗೂ ತಗೊಳಲ್ಲ ಕಣೇ! ನುಚ್ಚು ಬೇಕಿದ್ರೆ ಗಾಂಧಿ ಬಜಾರ್‌ನಲ್ಲಿ ಸಿಗಲ್ವಾ?”

ಇನ್ನು ಮಹಾಭಾರತ ಎಂದು ನಾನು ಸಂತೋಷದಿಂದ ಗೋಡೆಗೆ ಒರಗಿದೆ. ಅತ್ತಿಗೆ ಬ್ಲೇಡು ಕೆಳಗಿಟ್ಟು ಅಜ್ಜಿಗೆ ಮಣೆ ಹಾಕಿದರು.

“ಇಲ್ಲಿ ನೋಡಿ ಅಜ್ಜಿ, ಈ ತುದೀಲಿ ಮೊಳಕೆ ಕಣ್ಣಿದೆ. ಇದು ಹುಟ್ಟೋ ಅರ್ಧ. ಇನ್ನೊಂದು ಬರೀ ಹಿಟ್ಟು. ಅದು ಹೇಳೋ ಅರ್ಧ.”

“ಏನಂತ ಹೇಳತ್ತೆ?”

“ಬೇಯಿಸಿದ್ರೆ ಉದುರಾಗತ್ತೋ ಅಂಟಾಗತ್ತೋ ಅಂತ.”

“ಅದಕ್ಕೆ ಕತ್ತರಿಸ್ಬೇಕಾ? ಇಡೀ ಕಾಳನ್ನೇ ಕೇಳು.”

“ಇಡೀ ಕಾಳನ್ನ ಕೇಳಿದ್ರೆ ಹೇಳ್ಬಿಟ್ಟು ಸತ್ತೋಗತ್ತೆ ಅಜ್ಜಿ. ಆಮೇಲೆ ಬಿತ್ತೋದು ಏನನ್ನ?”

ಅಜ್ಜಿ ಮಣೆಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡು ಕೂತರು. ಅತ್ತಿಗೆ ಹೇಳುವ ಅರ್ಧಗಳನ್ನು ಸಾಲಾಗಿ ಜೋಡಿಸಿ ಒಂದೊಂದಕ್ಕೂ ಒಂದು ಹನಿ ಅಯೋಡಿನ್ ಬಿಟ್ಟರು. ಹೆಚ್ಚಿನವು, ನೆಟ್ಟನೆಯ ಎಳೆ ಇರುವಂಥವು, ಶಾಯಿಯಂತೆ ಕಡುನೀಲಿಯಾದವು. ನಡುನಡುವೆ ಒಂದೊಂದು ಮಾತ್ರ ಕೆಂಗಂದು. ನಾಲ್ಕರಲ್ಲಿ ಒಂದರಂತೆ ಅಂಟಿನವು.

“ಎಲ್ಲಾ ಒಂದೇ ತೆನೆ ಮಕ್ಕಳಾ?” ಎಂದರು ಅಜ್ಜಿ.

“ಒಂದೇ ತೆನೇದು.”

ಅಜ್ಜಿ ತಲೆ ಎತ್ತಿ ನನ್ನನ್ನು ಒಂದು ಗಳಿಗೆ ನೋಡಿದರು. “ಆಶ್ಚರ್ಯ ಏನಿಲ್ಲ ಬಿಡು. ಮನೆಮನೇಲೂ ಅಂಥದ್ದೊಂದು ಇದ್ದೇ ಇರತ್ತೆ.”

ಕಾಳಿನ ಹಿಟ್ಟಿನ ಭಾಗಕ್ಕೆ ತಾಯಿಯಿಂದ ಎರಡು ಪಾಲು, ತಂದೆಯಿಂದ ಒಂದೇ ಪಾಲು ಬರುತ್ತದೆ ಎಂದು ಅತ್ತಿಗೆ ಹೇಳಿದ ಮೇಲಂತೂ ಅಜ್ಜಿ ಪೂರಾ ಅವರ ಪಕ್ಷ. “ಇದನ್ನ ನಿನ್ನ ಮಾವಂಗೆ ಹೇಳು. ಯಾವಾಗ ನೋಡಿದ್ರೂ ನಮ್ಮ ವಂಶ, ನಮ್ಮ ವಂಶ ಅಂತಿರ್ತಾನೆ.”

ಇನ್ನು ನನ್ನ ಹುದ್ದೆಯ ಕಥೆ. ಪಿಷ್ಟ ಎಲ್ಲಿದ್ದರೂ ಅಯೋಡಿನ್ ಹಿಡಿದುಕೊಡುತ್ತದೆ ಎಂದು ತಿಳಿದ ಮೇಲೆ ನಾನು ಸುಮ್ಮನಿರುವುದು ಧರ್ಮವೇ? ಅಪ್ಪ ಚಾಮರಾಜಪೇಟೆಯ ಒಂದು ಮದುವೆಗೆ ಹೊರಟಿದ್ದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆ, ತಗಡಿನಂತೆ ನಿಂತಿತ್ತು. ವಿಜ್ಞಾನದ ಹಿತದೃಷ್ಟಿಯಿಂದ ಹಿಂದಿನಿಂದ ನಾಲ್ಕು ಹನಿ ಚಿಮುಕಿಸಿದೆ. ಗಂಜಿ ತನ್ನ ಕರ್ತವ್ಯ ಮಾಡಿತು. ಜರಿಯಂಚಿನ ಪಂಚೆಯ ಮೇಲೆ ನಾಲ್ಕು ನೀಲಿ ಚಂದ್ರರು ಮೂಡಿದರು.

“ಯಾವನೋ ಅವ್ನು!” ಅಪ್ಪನ ಧ್ವನಿ ಪಕ್ಕದ ಮನೆ ಶೈಲಜಮ್ಮನವರಿಗೂ ಕೇಳಿಸಿತು. ನಾನು ಹಿತ್ತಲ ಬಾಗಿಲು ಹುಡುಕುವಷ್ಟರಲ್ಲಿ ಅತ್ತಿಗೆ ಬಂದು, “ನಾನೇ ಮಾವ, ಕೈ ತಪ್ಪಿ ಚೆಲ್ಲಿಬಿಟ್ಟೆ. ಬೇರೆ ಪಂಚೆ ತರ್ತೀನಿ” ಎಂದರು. ಅಪ್ಪ ಸೊಸೆಗೆ ಬೈಯಲಾರದೆ ಬೈಗುಳವನ್ನು ನುಂಗಿಕೊಂಡು ಬೇರೆ ಪಂಚೆ ಉಟ್ಟರು.

ಅವರು ಹೋದ ಮೇಲೆ ನನಗೆ ಶಿಕ್ಷೆ ಕಾದಿದೆ ಎಂದು ತಲೆತಗ್ಗಿಸಿ ನಿಂತೆ. ಅತ್ತಿಗೆ ಡ್ರಾಪರನ್ನು ನನ್ನ ಕೈಗೇ ಕೊಟ್ಟರು. “ಗುರಿ ಚೆನ್ನಾಗಿದೆ ವಾದಿ. ನಾಳೆಯಿಂದ ಕಾಳಿನ ಮೇಲೆ ಹಾಕು.”

ಹೀಗೆ ನಾನು ಅಯೋಡಿನ್ ಅಧಿಕಾರಿಯಾದೆ.

ಹೇಳುವ ಅರ್ಧಗಳು ಹೇಳಿ ಮುಗಿಸಿದ ಮೇಲೆ ಹುಟ್ಟುವ ಅರ್ಧಗಳನ್ನು ಒದ್ದೆ ಹತ್ತಿಯ ಮೇಲಿಟ್ಟರು. ಹೋದ ವರ್ಷ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಇಟ್ಟದ್ದನ್ನು ಇಲಿ ತಿಂದಿತ್ತಂತೆ. ಆದ್ದರಿಂದ ಈ ಸಲ ಪಿಎಚ್‌ಡಿ ಗೈಡಿನ ಒಪ್ಪಿಗೆ ಪಡೆದು ನಮ್ಮ ತಾರಸಿ, ನಮ್ಮ ಹಳೆಯ ಬಕೆಟ್ಟುಗಳು. ಗುಬ್ಬಿ ಬಾರದಂತೆ ನಿನ್ನ ಸೊಳ್ಳೆಪರದೆಯನ್ನು ಮೇಲೆ ಕಟ್ಟಿದ್ದೇವೆ. ಸೊಳ್ಳೆಪರದೆಯ ಬಗ್ಗೆ ದುಃಖಪಡಬೇಡ, ಅದು ಸತ್ಕಾರ್ಯಕ್ಕೆ ಸಂದಿತು. ತಿನ್ನಲು ಇದ್ದ ಹಿಟ್ಟು ಅರ್ಧವೇ ಆದರೂ ಅವು ಹಸಿರು ಸೂಜಿಯ ಹಾಗೆ ಎದ್ದವು. ಅಜ್ಜಿ ಮಂಡಿನೋವು ಮರೆತು ಶೈಲಜಮ್ಮನವರನ್ನು ಮೆಟ್ಟಿಲು ಹತ್ತಿಸಿ ತೋರಿಸಿದರು. “ಅರ್ಧ ಕಾಳು ಕಣ್ರೀ, ಅರ್ಧ! ನಮ್ಮ ಸೊಸೆ ಕೈಕೆಲಸ.”

ಅಣ್ಣಾ, ಅತ್ತಿಗೆಯ ತಾಳ್ಮೆಯನ್ನು ನೀನು ಕುಳಿತು ನೋಡಿಲ್ಲ. ಒಂದು ಕಾಳು ಬ್ಲೇಡಿನಡಿಯಿಂದ ಹಾರಿದರೆ ಮಂಚದ ಕೆಳಗೆ ಟಾರ್ಚು ಹಿಡಿದು ಹುಡುಕುತ್ತಾರೆ. ಮೂವತ್ತು ದಾಟಿದ ಮನುಷ್ಯರು ಒಂದು ಅಕ್ಕಿಕಾಳಿಗಾಗಿ ನೆಲದ ಮೇಲೆ ತೆವಳುವುದನ್ನು ನೋಡಿದರೆ ನಗು ಬರಬೇಕು. ನನಗೆ ಬರಲಿಲ್ಲ, ನಾನೂ ತೆವಳಿದೆ. ಇಂಥವರನ್ನು ನೀರು ದಿನ ಬಿಟ್ಟು ದಿನ ಬರುವ ಮನೆಗೆ ಕೊಡ ತುಂಬಿಸಲು ಕರೆಸಿಕೊಳ್ಳುವುದು ನ್ಯಾಯವೇ ಎಂದು ಬಸವನಗುಡಿಯ ಪ್ರಜೆಗಳು ಕೇಳುತ್ತಿದ್ದಾರೆ. ನವೆಂಬರ್ ತನಕ ತಡೆದುಕೋ.

ಚಿಕ್ಕವನು ಹರಸಬಾರದಾದ್ದರಿಂದ ಅಜ್ಜಿಯ ಆಶೀರ್ವಾದವನ್ನು ಲಗತ್ತಿಸಿದ್ದೇನೆ: ಮೈ ನೋಡಿಕೋ, ಮೊಸರು ಬಿಡಬೇಡ, ನಿನಗೆ ಒಳ್ಳೆಯದಾಗಲಿ.

ನಿನ್ನ ವಿಧೇಯ ತಮ್ಮ,
ವಾದಿರಾಜ
(ಅಯೋಡಿನ್ ಅಧಿಕಾರಿ)

ಮರೆತ ಮಾತು: ಅತ್ತಿಗೆ ಇಲ್ಲೇ ಇರುತ್ತೇನೆ ಎಂದು ಹೇಳಿಲ್ಲ ಅಣ್ಣಾ. ಅವರಿಗೆ ಬರಬೇಕೆಂದೇ ಇದೆ. ಮೆಜೆಸ್ಟಿಕ್‌ಗೆ ಹೋಗಿ ಗುಲ್ಬರ್ಗಾ ಬಸ್ಸು ವಿಚಾರಿಸಿಕೊಂಡು ಬಂದಿದ್ದಾರೆ, ನಿನಗೆಂದು ಮೆಂತ್ಯದ ಹಿಟ್ಟು ಮಾಡಿಟ್ಟಿದ್ದಾರೆ. ತೆನೆ ಬರುವವರೆಗೆ ಬಕೆಟ್ಟುಗಳನ್ನು ನೋಡಿಕೊಳ್ಳಲು ಒಬ್ಬರಿದ್ದರೆ ಸಾಕಂತೆ, ಕೊಯ್ಲಿಗೆ ತಾವೇ ಬರುತ್ತಾರಂತೆ. ನಿನ್ನೆ ನನ್ನನ್ನು ಕೇಳಿದರು: “ವಾದಿ, ನೀನು ನೋಡ್ಕೋತೀಯಾ? ನೀನಿದ್ರೆ ನನಗೆ ಧೈರ್ಯ.” ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವನಿಗೆ ಈ ಮನೆಯಲ್ಲಿ ಯಾರೂ ಹಾಲು ಕಾಯಿಸಲು ಕೂಡ ಹೇಳುವುದಿಲ್ಲ. ಅರ್ಥವಾಗದ್ದನ್ನು ನಗದೆ ಮತ್ತೆ ಮತ್ತೆ ಹೇಳಿಕೊಟ್ಟವರು ಅವರೊಬ್ಬರೇ. ನಾನು ಹೂಂ ಅಂದರೆ ಅವರು ಹೊರಟುಬಿಡುತ್ತಾರೆ. ಇನ್ನೂ ಹೂಂ ಅಂದಿಲ್ಲ.