ಕಾಪಿ ಬರೆಸಿದವಳು

ತಮ್ಮಾ,

ಅಮ್ಮ ಹೋಗಿ ಹದಿನೆಂಟು ದಿನವಾಯಿತು. ಅವಳಿದ್ದಾಗ ಹೇಳಬೇಕಿದ್ದ ಮಾತನ್ನು ಈಗ ಬರೆಯುತ್ತಿದ್ದೇನೆ. ಕೆಟ್ಟ ಮೇಲೆ ಬುದ್ಧಿ ಬಂತು ಎಂದುಕೊಳ್ಳಬೇಡ. ಬುದ್ಧಿ ಆಗಲೂ ಇತ್ತು.

ನೀನು ಒಂದನೇ ತರಗತಿಯಲ್ಲಿದ್ದಾಗ ಮೇಷ್ಟ್ರು ನಿನ್ನ ಪುಸ್ತಕದ ಮೇಲೆ ಕೆಂಪು ಶಾಯಿಯಲ್ಲಿ ‘ಮನೆಯಲ್ಲಿ ಅಕ್ಷರ ತಿದ್ದಿಸಿ’ ಎಂದು ಬರೆದು ಕಳಿಸಿದರು. ಅಮ್ಮನಿಗೆ ಹೊಲಿಗೆ ಯಂತ್ರದಿಂದ ತಲೆ ಎತ್ತಲು ಪುರುಸೊತ್ತಿರಲಿಲ್ಲ. “ನಿನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ, ನೀನೇ ತಿದ್ದಿಸು” ಎಂದು ನನಗೆ ಒಪ್ಪಿಸಿದಳು. ನಿನಗೆ ಆರು, ನನಗೆ ಹದಿಮೂರು.

ದಿನಾ ಸಂಜೆ ಎರಡು ಪುಟ ಕಾಪಿ. ‘ಳ’ಕಾರ ಸುತ್ತುವಷ್ಟರಲ್ಲಿ ನಿನ್ನ ಹೆಬ್ಬೆರಳು ಸೋತು ಪೆನ್ಸಿಲ್ ಜಾರುತ್ತಿತ್ತು. ನಾನು ಪುಟ ಹರಿದು ಮೊದಲಿಂದ ಬರೆಸುತ್ತಿದ್ದೆ. ‘ಕಾಗೆಕಾಲು’ ಎಂದು ನಿನಗೆ ಹೆಸರಿಟ್ಟೆ. ರವಿಕೆಯ ಅಳತೆ ಕೊಡಲು ಬಂದ ಹೆಂಗಸರೆದುರು ನಿನ್ನ ಪುಟ ಹಿಡಿದು, “ಇದನ್ನ ಓದಿದವರಿಗೆ ಬಹುಮಾನ” ಎನ್ನುತ್ತಿದ್ದೆ. ಅವರು ನಕ್ಕಷ್ಟೂ ನಾನು ಬೀಗುತ್ತಿದ್ದೆ. “ಅಕ್ಕಾ, ಬೆರಳು ನೋಯ್ತಿದೆ” ಎಂದರೆ, “ಕುಣೀಲಾರದವಳು ನೆಲ ಡೊಂಕು ಅಂದಳಂತೆ” ಎಂದು ಗಾದೆ ಒಗೆಯುತ್ತಿದ್ದೆ.

ಅದು ಯಾಕೆ ನೋಯುತ್ತದೆಂದು ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಅದರ ಹಿಂದಿನ ವರ್ಷ, ನನ್ನ ಬಣ್ಣದ ಪೆಟ್ಟಿಗೆ ಮುಟ್ಟಿದೆಯೆಂದು ನಿನ್ನನ್ನು ಹೊರಗೆ ದಬ್ಬಿ ಕಬ್ಬಿಣದ ಬಾಗಿಲು ಎಳೆದಿದ್ದೆ. ನಿನ್ನ ಹೆಬ್ಬೆರಳು ಸಂದಿಯಲ್ಲಿತ್ತು. ಕಂಡೂ ಎಳೆದೆ. ಜೇನು ಕಚ್ಚಿತೆಂದು ಅಮ್ಮನಿಗೆ ಹೇಳಿದೆ. ನಿನಗೂ ಅದನ್ನೇ ಬಾಯಿಪಾಠ ಮಾಡಿಸಿದೆ. ಬರಬರುತ್ತ ನೀನೂ ಜೇನನ್ನೇ ನಂಬಿದೆ.

ಒಮ್ಮೆ ನಾನು ಹೇಳಿದ ಚಾಡಿ ಕೇಳಿ ಅಮ್ಮ ಅಳತೆಕೋಲಿನಿಂದ ನಿನ್ನ ಅದೇ ಕೈಗೆ ಹೊಡೆದಳು. ಜೀವಮಾನದಲ್ಲಿ ಅವಳು ಹೊಡೆದದ್ದು ಅದೊಂದೇ ಏಟು. ಅದಾಗಿ ಎರಡು ವರ್ಷಕ್ಕೆ, ನೀನು ಪೆನ್ನೇ ಹಿಡಿಯಲಾರದಾದಾಗ, ಡಾಕ್ಟರು ಎಕ್ಸ್‌ರೇ ಎತ್ತಿ ನೋಡಿದರು. “ಯಾವಾಗ್ಲೋ ಬಲವಾಗಿ ಏಟು ಬಿದ್ದಿದೆ. ಮೂಳೆ ಸೊಟ್ಟಗೆ ಕೂಡ್ಕೊಂಡಿದೆ. ಇನ್ನು ಇದು ಹೀಗೇ” ಎಂದರು. ಅಮ್ಮ ತನ್ನ ಅಂಗೈ ನೋಡಿಕೊಂಡಳು. “ನಾನೇ ಹೊಡೆದಿದ್ದೆ ಡಾಕ್ಟ್ರೇ” ಎಂದಳು. ನಾನು ಪಕ್ಕದಲ್ಲೇ ನಿನ್ನ ಚಪ್ಪಲಿ ಹಿಡಿದು ನಿಂತಿದ್ದೆ.

ಮೂವತ್ತು ವರ್ಷ ನೀನು ಅವಳನ್ನು ಮಾತುಮಾತಿಗೂ ಚುಚ್ಚಿದೆ. “ನನ್ನ ಕೈ ಮುರಿದವಳ ಕೈ ಅಡುಗೆ ನನಗೆ ಬೇಡ” ಎಂದು ತಟ್ಟೆ ಬಿಟ್ಟು ಎದ್ದೆ. ಅವಳು ತಲೆ ತಗ್ಗಿಸಿ ತಟ್ಟೆ ತೊಳೆದಳು. ಆಸ್ಪತ್ರೆಗೆ ನೀನು ಬರಲಿಲ್ಲ. ಕೊನೆಯ ಮಧ್ಯಾಹ್ನ ಅವಳು, “ಅವನ ಬೆರಳು ಈಗ ನೋಯಲ್ಲ ತಾನೆ?” ಎಂದು ನನ್ನನ್ನೇ ಕೇಳಿದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. “ಇಲ್ಲಮ್ಮ” ಎಂದೆ, ಅಷ್ಟೇ. ಮಣ್ಣಿಗೆ ಬಂದವನು ನೀನು ಸ್ಮಶಾನದ ಗೇಟಿನಾಚೆಯೇ ನಿಂತೆ.

ಮೊನ್ನೆ ನೀನು ಫೋನ್ ಮಾಡಿ, “ಮಗಳ ಅಕ್ಷರ ನೋಡೋ ಹಾಗಿಲ್ಲಕ್ಕ. ರಜೆಗೆ ನಿನ್ ಹತ್ರ ಕಳಿಸ್ತೀನಿ. ನೀನು ಅಮ್ಮನ ಥರ ಕೈ ಎತ್ತೋಳಲ್ಲ” ಎಂದೆ. ಆ ಮಾತು ಕೇಳಿದ ಮೇಲೇ ಈ ಕಾಗದ ಬರೆಯಲು ಕೂತೆ.

ಕಳಿಸಬೇಡ. ನೀನೇ ಪಕ್ಕದಲ್ಲಿ ಕೂತು ಬರೆಸು. ದಿನಕ್ಕೆ ಐದು ಸಾಲು ಸಾಕು. ನೋಯುತ್ತದೆ ಎಂದರೆ ಪೆನ್ಸಿಲ್ ಕೆಳಗಿಡಿಸಿ ಅವಳ ಕೈ ಹಿಡಿದು ನೋಡು. ನಿನ್ನ ಕ್ಷಮೆ ಕೇಳುವ ಮುಖ ನನಗಿಲ್ಲ. ಅಮ್ಮನದನ್ನು ಕೇಳಲು ನಮ್ಮಿಬ್ಬರಿಗೂ ಹೊತ್ತು ಮೀರಿತು.

ಮಗುವಿನ ಅಕ್ಷರ ಹೇಗಾದರೂ ಇರಲಿ, ಕೈ ತಣ್ಣಗಿರಲಿ.

ನಿನ್ನ ಬೆರಳು ಮುರಿದ
ಅಕ್ಕ