ಹೊಳೆಯಾಚೆಯ ಮೇಯರಮ್ಮ

ಮೊಂಬ್ರೆಲ್, ಲಿಲ್ ನಗರದ ಮಗ್ಗುಲು
ಮಾರ್ಚ್ ೮, ೧೯೯೮, ಭಾನುವಾರ

ಪ್ರೀತಿಯ ಒದಿಲಕ್ಕಾ,

ನಿನ್ನ ಬೆನ್ನುನೋವು ಹೇಗಿದೆ? ಆ ದ್ವೀಪದ ಆಸ್ಪತ್ರೆಯಲ್ಲಿ ಬೇರೆಯವರ ಬೆನ್ನು ನೀವುತ್ತಾ ನಿನ್ನದನ್ನು ಮರೆಯಬೇಡ. ನಾನು ಕ್ಷೇಮ. ಅಪ್ಪ ಅಗತ್ಯಕ್ಕಿಂತ ಹೆಚ್ಚು ಕ್ಷೇಮ. ನನ್ನ ದೂರು ಅದರ ಬಗ್ಗೆಯೇ.

ಮಾನ್ಯ ಅಕ್ಕನವರ ಗಮನಕ್ಕೆ ತರುವುದೇನೆಂದರೆ, ಹೊಳೆಯಾಚೆಯ ವೆರ್ಲಾಂದಿನ ಮೇಯರ್ ಮದಾಮ್ ವೆರಾಗ್, ಹತ್ತು ವರ್ಷ ಅಪ್ಪನ ಬಾಯಲ್ಲಿ ‘ಆ ಹಟಮಾರಿ’ ಆಗಿದ್ದವರು, ಈಗ ಬರೀ ‘ಮಾರ್ತಿನ್’ ಆಗಿದ್ದಾರೆ. ಜಗಳದ ಮೂಲ ನಿನಗೆ ಗೊತ್ತೇ ಇದೆ: ಬಸ್ಸಿನ ಕೊನೆಯ ನಿಲ್ದಾಣ ನಮ್ಮೂರಿಗೋ, ಅವರೂರಿಗೋ? ರಸ್ತೆ, ಕಸ, ಬಸ್ಸು ಎಲ್ಲವನ್ನೂ ಲಿಲ್ ಮತ್ತು ಸುತ್ತಲಿನ ಊರುಗಳು ಒಟ್ಟಿಗೆ ಕೂತು ತೀರ್ಮಾನಿಸುವುದು ತಾನೆ. ಆ ಮಹಾಸಭೆಯಲ್ಲಿ ಲಿಲ್‌ಗೆ ಸಾಲುಸಾಲು ಕುರ್ಚಿ. ನಮ್ಮ ಮೇಯರ್ ಅಪ್ಪನಿಗೆ ಒಂದು, ಆಯಮ್ಮನಿಗೆ ಒಂದು. ಒಬ್ಬರು ಎತ್ತಿದ ಕೈಗೆ ಇನ್ನೊಬ್ಬರು ಅಡ್ಡಗೈ ಹಾಕುವುದನ್ನು ನೋಡಿ ನೋಡಿ ಬೇಸತ್ತು ಲಿಲ್‌ನವರು, “ಮೊದ್ಲು ನೀವಿಬ್ರೂ ಒಂದಾಗಿ ಬನ್ನಿ, ಆಮೇಲೆ ಬಸ್ಸು” ಅಂದುಬಿಟ್ಟರು. ಇವರಿಬ್ಬರೂ ಆ ಮಾತನ್ನು ಅತಿಯಾಗಿ ಪಾಲಿಸುತ್ತಿದ್ದಾರೆ.

ಪ್ರತಿ ಗುರುವಾರ ನಮ್ಮ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿ ಮಾತುಕತೆ. ಆಯಮ್ಮ ಮನೆಯೆಲ್ಲ ನಾರುವ ಮರೋಯ್ ಚೀಸಿನ ಟಾರ್ಟ್ ತರುತ್ತಾರೆ. ಅಮ್ಮ ತೀರಿಕೊಂಡ ಆರು ವರ್ಷದಲ್ಲಿ ಮೊದಲ ಸಲ ಅಪ್ಪ ಕೇಳಿ ಎರಡನೇ ತುಂಡು ಹಾಕಿಸಿಕೊಂಡ. ಊರಿನ ಹಿತದೃಷ್ಟಿಯಿಂದ ನಾನು ಆಯಮ್ಮನ ಕಾಫಿಗೆ ಎರಡು ಚಮಚ ಉಪ್ಪು ಹಾಕಿದೆ. ತಳ ಕಾಣುವವರೆಗೂ ಕುಡಿದು, “ನಮ್ಮ ಪುರಸಭೆ ಕಾಫಿಗಿಂತ ವಾಸಿ ಕಣಪ್ಪಾ, ಇನ್ನೊಂದು ಕಪ್ ಕೊಡು” ಅಂದರು. ಅಪ್ಪ ನಕ್ಕಿದ್ದು ಹೊಳೆಯಾಚೆಗೂ ಕೇಳಿರಬೇಕು. ನನ್ನ ಹದಿನೆಂಟು ವರ್ಷದ ಕಪಿಚೇಷ್ಟೆಯಲ್ಲಿ ಒಂದಕ್ಕೂ ಅವನು ಹಾಗೆ ನಕ್ಕಿಲ್ಲ.

ಅದನ್ನೂ ಸಹಿಸಿದೆ. ಆದರೆ ಮೊನ್ನೆ ಉದ್ದ ಬ್ರೆಡ್ ಮುರಿದು, ಗರಿಗರಿಯಾದ ತುದಿಯನ್ನು ಆಯಮ್ಮನ ಕೈಗಿತ್ತನಕ್ಕಾ! ಹಲ್ಲು ಬಂದಾಗಿನಿಂದ ಆ ತುದಿ ನನ್ನದು, ನಿನಗೂ ಬಿಟ್ಟುಕೊಟ್ಟವನಲ್ಲ. ನನ್ನ ಮುಖ ನೋಡಿ, “ಇನ್ನೊಂದು ತುದಿ ಇದೆಯಲ್ಲೋ” ಅಂದ. ಇದೆ, ನಿಜ. ಅದು ಅಮ್ಮನದು. ಅದನ್ನು ನಾನು ಹೇಗೆ ತಿನ್ನಲಿ?

ಕಳೆದ ಮಹಾಸಭೆಯಲ್ಲಿ ಇಬ್ಬರೂ ಒಟ್ಟಿಗೆ ಕೈಯೆತ್ತಿದರಂತೆ, ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ನಿಲ್ದಾಣ ಸೇತುವೆಯ ಬುಡದಲ್ಲಿ, ಹಲಗೆಯ ಮೇಲೆ ಎರಡೂ ಊರಿನ ಹೆಸರು. ಬಸ್ಸಿನ ಮಾತು ಮುಗಿಯಿತು. ಗುರುವಾರಗಳು ಮುಗಿದಿಲ್ಲ.

ಭಾವನಿಗೆ ನಮಸ್ಕಾರ, ಪುಟ್ಟಿಗೆ ಎರಡೂ ಕೆನ್ನೆಗೆ ಮುತ್ತು.

ನಿನ್ನ ತಮ್ಮ,
ಬ್ರೆಡ್‌ವಂಚಿತ ಗೋತಿಯೆ

ತಾ.ಕ.: ಮರೆತಿದ್ದೆ. (ಸುಳ್ಳು.) ಇವತ್ತು ಊಟವಾದ ಮೇಲೆ ಅಪ್ಪ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತು, “ಮಾರ್ತಿನ್ನ ಮದುವೆ ಆಗೋಣಾಂತ. ನೀವಿಬ್ರೂ ಒಪ್ಪಿದ್ರೆ ಮಾತ್ರ ಕಣೋ. ಒಬ್ರು ಬೇಡ ಅಂದ್ರೂ ಬಿಟ್ಟೆ” ಅಂದ. ನಾನು ಕೆಮ್ಮುತ್ತಾ ಮಹಡಿ ಹತ್ತಿಬಿಟ್ಟೆ. ನನ್ನ ಕೈ ಏಳುತ್ತಿಲ್ಲ ಅಕ್ಕಾ. ಮಹಾಸಭೆಗೆ ಹೋಗಲಾಗದವರು ತಮ್ಮ ಮತವನ್ನು ಇನ್ನೊಬ್ಬರಿಗೆ ಬರೆದುಕೊಡುತ್ತಾರಲ್ಲ, ಹಾಗೆ ನನ್ನದನ್ನು ನಿನಗೆ ಕೊಟ್ಟಿದ್ದೇನೆ. ನೀನು ಹೂಂ ಅನ್ನುವವಳೆಂದು ಗೊತ್ತಿದ್ದೇ ಕೊಟ್ಟಿದ್ದು. ಕಾಗದ ಸಿಕ್ಕ ದಿನವೇ ಅಪ್ಪನಿಗೆ ಫೋನ್ ಮಾಡು. ಆದರೆ ಒಪ್ಪುವ ಮುಂಚೆ ತಮ್ಮ ತುಂಬಾ ಜಗಳ ಆಡಿದ ಅಂತ ಹೇಳಲು ಮರೆಯಬೇಡ.